ಓದುಗರ ಪ್ರಶ್ನೆ: ಫೋನ್ ಬಿಸಿಯಾದರೆ ಆಟ ತಡವರಿಸುತ್ತದೆ

ಪ್ರಶ್ನೆ: 4 ಜಿಬಿ ರ್‍ಯಾಮಿನ ಆಂಡ್ರಾಯ್ಡ್ ಫೋನಿನಲ್ಲಿ, ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಪಿಎಸ್‌ಪಿಯ ಆಟಗಳನ್ನು ಓಡಿಸುವ ಆ್ಯಪ್ ಪಿಪಿಎಸ್‌ಎಸ್‌ಪಿಪಿ ಹಾಕಿದ್ದೇನೆ. ಹತ್ತು ನಿಮಿಷ ಪಿಎಸ್‌ಪಿ ಆಟ ಚೆನ್ನಾಗಿ ಓಡುತ್ತದೆ, ಆಮೇಲೆ ತಡವರಿಸಿ ಸದ್ದು ಒಡೆಯುತ್ತದೆ. ರ್‍ಯಾಮ್ ಸಾಲದೇ? (ಕಾರವಾರ)

ಉತ್ತರ: ರ್‍ಯಾಮ್ ಧಾರಾಳವಾಗಿದೆ, ಮೊದಲ ಪಿಎಸ್‌ಪಿಯಲ್ಲಿ ಇದ್ದದ್ದೇ 32 ಎಂಬಿ. ಶುರುವಿನಲ್ಲಿ ಸರಿಯಿದ್ದು ಆಮೇಲೆ ಕೈಕೊಟ್ಟರೆ ಹೆಚ್ಚಾಗಿ ಬಿಸಿಯೇ ಕಾರಣ. ಕಾದ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಇದು ಇನ್ನೂ ಬೇಗ. ಹಿಂಬದಿಯ ಕವರ್ ತೆಗೆಯಿರಿ, ಚಾರ್ಜಿಗಿಟ್ಟು ಆಡಬೇಡಿ, ಫ್ಯಾನಿನ ಗಾಳಿಗೆ ಕೂರಿ.

ಆ್ಯಪಿನ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ರೆಂಡರಿಂಗ್ ರೆಸಲ್ಯೂಷನ್ ನೋಡಿ. 1 ಪಟ್ಟು ಎಂದರೆ ಪಿಎಸ್‌ಪಿ ಪರದೆಯ 480×272 ಚುಕ್ಕಿ. 4 ಪಟ್ಟಿಗೆ ಇಟ್ಟರೆ ಬಿಡಿಸಬೇಕಾದ ಚುಕ್ಕಿಗಳು 16 ಪಟ್ಟು! ಸಣ್ಣ ಪರದೆಗೆ 2 ಪಟ್ಟು ಸಾಕೇ ಸಾಕು. ಬ್ಯಾಕೆಂಡ್ (ಚಿತ್ರ ಬಿಡಿಸುವ ವಿಧಾನ) ವಲ್ಕನ್‌ಗೆ ಬದಲಿಸಿ ನೋಡಿ. ಆಟ ಮುಚ್ಚಿಕೊಂಡರೆ ಓಪನ್‌ಜಿಎಲ್‌ಗೆ ಮರಳಿ. ಫ್ರೇಮ್ ಸ್ಕಿಪ್ಪಿಂಗ್ (ನಡುನಡುವೆ ಚಿತ್ರ ಬಿಟ್ಟು ಓಡಿಸುವುದು) ಕೊನೆಯ ಉಪಾಯ, 1ಕ್ಕಿಂತ ಹೆಚ್ಚು ಬೇಡ.

ಪ್ರಶ್ನೆ: ಹೊಸ ಫೋನಿಗೆ ಆಟದ ಪ್ರಗತಿ ಒಯ್ಯುವುದು ಹೇಗೆ? (ಶಿರಸಿ)

ಉತ್ತರ: ಪಿಎಸ್‌ಪಿ ಫೋಲ್ಡರಿನೊಳಗಿನ ಸೇವ್‌ಡೇಟಾ ನಕಲಿಸಿ. ಸೇವ್ ಸ್ಟೇಟ್ (ಆಟದ ಆ ಕ್ಷಣವನ್ನು ಆ್ಯಪ್ ಹಿಡಿದಿಡುವ ನಕಲು) ಒಂದನ್ನೇ ನಂಬಬೇಡಿ: ಆ್ಯಪಿನ ಆವೃತ್ತಿ ಬದಲಾದಾಗ ಅದು ತೆರೆಯದೇ ಹೋಗಬಹುದು. ಆಟದ ಒಳಗಿನ ಮೆನುವಿನಲ್ಲೂ ಸೇವ್ ಮಾಡಿ.