ಯುವ ಸಂಸ್ಥೆಯಲ್ಲಿ ಇಂಟರ್ನ್ ಆಗಿ ಕರಪತ್ರ ಬರೆಯುವಾಗ: ಪೋಷಕರಿಗೂ ದಾನಿಗಳಿಗೂ ಒಂದೇ ಕರಪತ್ರ ಸಾಕಲ್ವಾ?

ಸಾಲದು. ಸಂಸ್ಥೆಯ ಕೆಲಸ ಒಂದೇ ಆದರೂ, ಕರಪತ್ರ ಓದಿ ಪೋಷಕರು ಮಾಡುವ ತೀರ್ಮಾನ ಬೇರೆ, ದಾನಿ ಮಾಡುವ ತೀರ್ಮಾನ ಬೇರೆ. ಆ ತೀರ್ಮಾನಕ್ಕೆ ಬೇಕಾದ ಮಾಹಿತಿ ಸಿಗದಿದ್ದರೆ ವಿನ್ಯಾಸ ಎಷ್ಟು ಚೆಂದ ಇದ್ದರೂ ಅದನ್ನು ಪಕ್ಕಕ್ಕೆ ಇಡುತ್ತಾರೆ.

ಒಂದು ಬೇಸಿಗೆ ಶಿಬಿರ ಅಂದುಕೊಳ್ಳಿ. ತಾಯಿಗೆ ಬೇಕಿರುವುದು ಇಷ್ಟು: ಎಲ್ಲಿ, ಜೊತೆಗೆ ಯಾರಿರುತ್ತಾರೆ, ಮಗಳು ಸಂಜೆ ಎಷ್ಟು ಗಂಟೆಗೆ ಮನೆಗೆ ಬರುತ್ತಾಳೆ, ಯಾರಿಗೆ ಫೋನ್ ಮಾಡಬೇಕು. ‘ಯುವ ಸಬಲೀಕರಣ’ ಅನ್ನುವ ಮಾತು ಅವರಿಗೆ ಏನೂ ಹೇಳುವುದಿಲ್ಲ. ಈ ವಿವರಗಳಿರುವ, ದೊಡ್ಡ ಅಕ್ಷರದ ಒಂದೇ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿ.

ದಾನಿ ಕಂಪನಿಯ ಸಿಎಸ್‌ಆರ್ (ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ) ಅಧಿಕಾರಿಯ ಕಥೆಯೇ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆ ಕೆಲಸ ಕಾಯ್ದೆಯ 7ನೇ ಅನುಸೂಚಿಯ ಪಟ್ಟಿಗೆ ಸೇರಬೇಕು. ಶಿಕ್ಷಣ, ಕೌಶಲ ತರಬೇತಿ ಎರಡೂ ಅದರಲ್ಲಿವೆ. ಹಾಗಾಗಿ ನಿಮ್ಮ ಕೆಲಸ ಯಾವ ವಿಭಾಗಕ್ಕೆ ಬರುತ್ತದೆ, ಒಬ್ಬರಿಗೆ ಖರ್ಚು ಎಷ್ಟು, ಸಂಸ್ಥೆಯ ಸಿಎಸ್‌ಆರ್ ನೋಂದಣಿ ಸಂಖ್ಯೆ ಏನು ಅನ್ನುವುದು ಮೊದಲ ಪುಟದಲ್ಲೇ ಇರಲಿ. ಅವರು ಇದನ್ನು ತಮ್ಮ ಸಮಿತಿಗೆ ವಿವರಿಸಬೇಕಲ್ವಾ?

ಮಕ್ಕಳ ಫೋಟೋ ಬಳಸುವುದಾದರೆ ಪೋಷಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಇದರಲ್ಲಿ ಸಡಿಲ ಬೇಡ.

ಅಚ್ಚಿಗೆ ಕೊಡುವ ಅಥವಾ ಕಳಿಸುವ ಮುಂಚೆ ಪೋಷಕರ ಕರಪತ್ರವನ್ನು ಒಬ್ಬ ತಾಯಿಗೆ ತೋರಿಸಿ, ‘ಇದನ್ನ ಓದಿ ನೀವೀಗ ಏನು ಮಾಡ್ತೀರಿ?’ ಎಂದು ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ.