ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನಲ್ಲಿ ಮೂಲ ಅರೇ (ಪಟ್ಟಿ) ಮುಟ್ಟದೆ ಒಂದೇ ಒಂದು ಬೆಲೆ ಬದಲಿಸುವುದು ಹೇಗೆ?

ಅರೇ ಒಳಗಿನ ಬೆಲೆ ಬದಲಿಸಿ ಅದೇ ಅರೇಯನ್ನು ಸ್ಟೇಟ್‌ಗೆ, ಅಂದರೆ ಪುಟದ ಡೇಟಾವನ್ನು ರಿಯಾಕ್ಟ್ ನೆನಪಿಡುವ ಜಾಗಕ್ಕೆ, ಕೊಟ್ಟಿದ್ದೀರಿ. ಕನ್ಸೋಲ್‌ನಲ್ಲಿ ಹೊಸ ಬೆಲೆ, ಸ್ಕ್ರೀನ್ ಮೇಲೆ ಹಳೆಯದು. ಇದೇ ಅಲ್ವಾ ನಿಮ್ಮ ತೊಂದರೆ?

ರಿಯಾಕ್ಟ್ ಅರೇಯ ಒಳಗೆ ಇಣುಕುವುದಿಲ್ಲ. ಹಿಂದೆ ಕೊಟ್ಟಿದ್ದು, ಈಗ ಕೊಟ್ಟಿದ್ದು ಎರಡೂ ಒಂದೇ ಅರೇಯಾ ಅಂತ ಮಾತ್ರ ನೋಡುತ್ತದೆ. ಒಂದೇ ಆಗಿದ್ದರೆ ಸುಮ್ಮನಾಗುತ್ತದೆ.

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರಿಗಳಿಗೆ ದರಪಟ್ಟಿಯ ಪುಟ ಮಾಡಿಕೊಡುತ್ತೇನೆ. ಅದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ. ನಾಲ್ಕು ಬಗೆಯ ಕಾಫಿಗೆ ನಾಲ್ಕು ಆಬ್ಜೆಕ್ಟ್, ಪ್ರತಿಯೊಂದರಲ್ಲೂ ಹೆಸರು ಮತ್ತು 50 ಕೆಜಿ ಮೂಟೆಯ ಬೆಲೆ. ರೋಬಸ್ಟಾ ಚೆರ್ರಿ ರೇಟು ಮಾತ್ರ ಏರಿತು ಅನ್ನಿ. ಅರೇ ಮೇಲೆ ಮ್ಯಾಪ್ ಓಡಿಸಿ, ಅದು ಒಂದೊಂದೇ ಅಂಶ ನೋಡುತ್ತಾ ಹೊಸ ಅರೇ ಕಟ್ಟಿಕೊಡುತ್ತದೆ. ಹೆಸರು ಹೊಂದಿದ ಕಡೆ, ಹೊಸ ಆಬ್ಜೆಕ್ಟ್ ಒಳಗೆ ಹಳೆಯದನ್ನು ಮೂರು ಚುಕ್ಕಿಯಿಂದ (...) ಸ್ಪ್ರೆಡ್ ಮಾಡಿ, ಅಂದರೆ ಅದರಲ್ಲಿರುವುದನ್ನೆಲ್ಲ ನಕಲಿಸಿ, ಆಮೇಲೆ ಹೊಸ ಬೆಲೆ ಬರೆಯಿರಿ. ಬೆಲೆ ಮೊದಲು ಬರೆದರೆ ಸ್ಪ್ರೆಡ್ ಅದನ್ನು ಹಳೆಯದರಿಂದ ಮುಚ್ಚಿಬಿಡುತ್ತದೆ. ಉಳಿದ ಮೂರನ್ನು ಹಾಗೇ ವಾಪಸ್ ಕೊಡಿ.

ಜಾಸ್ತಿ ಜನ ಎಡವುವುದು ಇಲ್ಲಿ: ಅರೇಯನ್ನಷ್ಟೇ ಸ್ಪ್ರೆಡ್ ಮಾಡಿ, ಆ ನಕಲಿನೊಳಗಿನ ಆಬ್ಜೆಕ್ಟ್‌ನ ಬೆಲೆಯನ್ನು ನೇರವಾಗಿ ತಿದ್ದುತ್ತಾರೆ. ಸ್ಕ್ರೀನ್ ಬದಲಾಗುವುದರಿಂದ ಸರಿಹೋಯಿತು ಅನಿಸುತ್ತದೆ. ಆದರೆ ಹೊಸದಾಗಿದ್ದು ಹೊರಗಿನ ಅರೇ ಮಾತ್ರ, ಒಳಗಿನ ಆಬ್ಜೆಕ್ಟ್ ಎರಡಕ್ಕೂ ಒಂದೇ. ನಿನ್ನೆಯ ಪಟ್ಟಿ ಅಂತ ಇಟ್ಟುಕೊಂಡಿದ್ದರಲ್ಲೂ ಇವತ್ತಿನ ಬೆಲೆ ಕೂತಿರುತ್ತದೆ. ಬೆಳೆಗಾರರು ಪುಟ ತೆರೆಯುವುದೇ ನಿನ್ನೆಗಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ನೋಡಲು. ಅವರಿಗೆ ವ್ಯತ್ಯಾಸ ಸೊನ್ನೆ ಕಾಣಿಸುತ್ತದೆ. ಇದು ಸಣ್ಣ ತಪ್ಪಲ್ಲ, ಆ ಸಂಖ್ಯೆ ನೋಡಿ ಅವರು ಮಾರಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತಾರೆ.

ಹಾಗಂತ ಒಳಗಿನದನ್ನೂ ಸೇರಿಸಿ ಎಲ್ಲವನ್ನೂ ನಕಲಿಸುವ ಸ್ಟ್ರಕ್ಚರ್ಡ್‌ಕ್ಲೋನ್‌ನಿಂದ ಇಡೀ ಪಟ್ಟಿ ನಕಲು ಮಾಡಬೇಡಿ. ಬದಲಾಗದ ಸಾಲುಗಳೂ ಹೊಸದಾಗಿ, ಬದಲಾಗದ ಸಾಲನ್ನು ಮತ್ತೆ ರೆಂಡರ್ ಮಾಡದಿರಲು ಮೆಮೋ ಹಾಕಿದ್ದು ವ್ಯರ್ಥವಾಗುತ್ತದೆ.

ಪಟ್ಟಿಯಿಂದ ಒಂದು ಅಂಶ ತೆಗೆಯಲು ಫಿಲ್ಟರ್ ಸಾಕು. ಸಾರ್ಟ್ ಮೂಲವನ್ನೇ ಕಲಕುತ್ತದೆ, ಬದಲಿಗೆ 2023ರ ಜಾವಾಸ್ಕ್ರಿಪ್ಟ್‌ನಲ್ಲಿ ಬಂದ ಟುಸಾರ್ಟೆಡ್ ಬಳಸಿ. ಅದರ ಜೊತೆಗೇ ವಿತ್ ಕೂಡ ಬಂತು: ಇಂಡೆಕ್ಸ್ (ಅಂಶದ ಸ್ಥಾನಸಂಖ್ಯೆ), ಹೊಸ ಅಂಶ ಕೊಟ್ಟರೆ ಹೊಸ ಅರೇ ಸಿಗುತ್ತದೆ. ಚೆನ್ನಾಗಿದೆ. ಆದರೆ ಆ ಇಂಡೆಕ್ಸ್ ಹುಡುಕಿಕೊಡುವ ಫೈಂಡ್‌ಇಂಡೆಕ್ಸ್ ಜೊತೆ ಬಳಸುವಾಗ ಹುಷಾರು. ಹುಡುಕಿದ್ದು ಸಿಗದಿದ್ದರೆ ಅದು -1 ಕೊಡುತ್ತದೆ, ವಿತ್‌ಗೆ -1 ಅಂದರೆ ಕೊನೆಯ ಅಂಶ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಎರರ್ ಬರದೆ ರೋಬಸ್ಟಾ ಚೆರ್ರಿಯ ಜಾಗಕ್ಕೆ ಇನ್ಯಾವುದೋ ಬಂದು ಕೂರುತ್ತದೆ. ಹಾಗಾಗಿ ಮೊದಲು -1 ಹೌದಾ ಅಂತ ಪರೀಕ್ಷಿಸಿ, ಇಲ್ಲವೇ ಮ್ಯಾಪ್‌ನಲ್ಲೇ ಉಳಿಯಿರಿ.