ಕೈಬಿಟ್ಟ 12 ಮಂದಿಯನ್ನು ಲೆಕ್ಕಕ್ಕೆ ತನ್ನಿ

ನಮಸ್ಕಾರ. ಬದುಕುಳಿಕೆ ವಿಶ್ಲೇಷಣೆಯ (ಒಂದು ಘಟನೆ ನಡೆಯಲು ಎಷ್ಟು ಕಾಲ ಹಿಡಿಯುತ್ತದೆ ಎಂಬ ಲೆಕ್ಕದ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ಲೆಕ್ಕ ತಪ್ಪಿದೆ. ಹೀಗೇ ಪ್ರಕಟಿಸಲು ಆಗುವುದಿಲ್ಲ.

ನಿಮ್ಮ ಉದಾಹರಣೆ 1963ರಲ್ಲಿ ಪ್ರಕಟವಾದ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಪ್ರಯೋಗದ್ದು. 6-ಎಂಪಿ ಔಷಧ ಪಡೆದ 21 ರೋಗಿಗಳಲ್ಲಿ ಸೆನ್ಸಾರ್ ಆದ, ಅಂದರೆ ರೋಗ ಮರುಕಳಿಸುವ ಮೊದಲೇ ಗಮನಿಕೆ ಮುಗಿದ, 12 ಮಂದಿಯ ಮಾಹಿತಿ 'ಅಪೂರ್ಣ' ಎಂದು ಬಿಟ್ಟು, ರೋಗ ಮರುಕಳಿಸಿದ 9 ಮಂದಿಯಿಂದ ಮರುಕಳಿಸುವವರೆಗಿನ ಸಮಯದ ಮಧ್ಯಾಂಕ 10 ವಾರ ಎಂದಿದ್ದೀರಿ. ಬಿಟ್ಟವರಲ್ಲಿ ಒಬ್ಬರು 35 ವಾರ ಕಳೆದರೂ ಚೆನ್ನಾಗಿದ್ದರು! ಔಷಧ ಹಿಡಿಸಿದವರನ್ನೇ ಆರಿಸಿ ಹೊರಹಾಕಿದಂತಾಯಿತು. ಸೆನ್ಸಾರ್ ಆದ ದಿನವೇ ಮರುಕಳಿಸಿತು ಎಂದುಕೊಂಡರೂ ತಪ್ಪೇ: 16 ವಾರ ಬರುತ್ತದೆ.

ಮರುಕಳಿಸದೆ ಉಳಿದವರ ಪಾಲನ್ನು ವಾರವಾರ ಗುಣಿಸುತ್ತ ರೇಖೆ ಎಳೆಯುವ ಕಪ್ಲಾನ್–ಮೈಯರ್ ವಿಧಾನವನ್ನು ಹೆಸರಿಸಿ ಮುಂದೆ ಹೋಗಬೇಡಿ, ಎರಡು ಹೆಜ್ಜೆಯಾದರೂ ಮಾಡಿ ತೋರಿಸಿ. 6ನೇ ವಾರ 21ರಲ್ಲಿ 3 ಮಂದಿಗೆ ಮರುಕಳಿಕೆ: 18/21, ಅಂದರೆ 0.857. ಅದೇ ವಾರ ಒಬ್ಬರು ಸೆನ್ಸಾರ್. ರೂಢಿಯಂತೆ ಅವರನ್ನು ಮರುಕಳಿಕೆಗಳ ನಂತರ ಕಳೆಯಬೇಕು. 7ನೇ ವಾರಕ್ಕೆ ಉಳಿದವರು 17, ಮರುಕಳಿಕೆ 1. 0.857ನ್ನು 16/17ರಿಂದ ಗುಣಿಸಿದರೆ 0.807. ಹೀಗೆ ಸಾಗಿದರೆ ರೇಖೆ ಅರ್ಧಕ್ಕಿಂತ ಕೆಳಗಿಳಿಯುವುದು 23ನೇ ವಾರ, 0.448ಕ್ಕೆ. ಮಧ್ಯಾಂಕ ಅದೇ. 10 ಎಲ್ಲಿ, 23 ಎಲ್ಲಿ?

'ಯಾದೃಚ್ಛಿಕ ಸೆನ್ಸಾರಿಂಗ್' ಎಂದು ಆರು ಕಡೆ ಬರೆದಿದ್ದೀರಿ, ಷರತ್ತನ್ನು ಒಂದು ಕಡೆಯೂ ಹೇಳಿಲ್ಲ. ಹೊರಹೋಗುವ ಸಮಯಕ್ಕೂ ಮರುಕಳಿಸುವ ಸಮಯಕ್ಕೂ ಸಂಬಂಧ ಇರಬಾರದು. ಸ್ಥಿತಿ ಹದಗೆಟ್ಟವರೇ ತಪಾಸಣೆಗೆ ಬರುವುದು ನಿಲ್ಲಿಸಿದರೆ ರೇಖೆ ಸುಳ್ಳೇ ಮೇಲೇರಿ ಕೂರುತ್ತದೆ, ಮತ್ತು ಈ ದೋಷ ಅಂಕಿಗಳಿಂದಲೇ ಪತ್ತೆಯಾಗುವುದೂ ಇಲ್ಲ.

ಕೊನೆಯ ಪುಟದ 'ಗಣಸೂಚಿತ ಪ್ರಕ್ರಿಯೆ'ಗಳನ್ನು (ಕಾಲದ ಬದಲು ಗಣಗಳನ್ನು, ಅಂದರೆ ಪ್ರದೇಶಗಳನ್ನು, ಸೂಚಿಯಾಗಿ ಹಿಡಿಯುವ ಯಾದೃಚ್ಛಿಕ ಪ್ರಕ್ರಿಯೆಗಳನ್ನು) ಈ ಲೇಖನದಿಂದ ತೆಗೆಯಿರಿ. ಕಾಲಕ್ಕೆ ಹಿಂದು-ಮುಂದು ಇದೆ. ಸಮತಲದಲ್ಲಿ (2,5) ಮೊದಲೋ (5,2) ಮೊದಲೋ? ಉತ್ತರವಿಲ್ಲ. ಅದಕ್ಕೇ ಬಿಂದುವಿನ ಬದಲು ಮೂಲದಿಂದ ಅಲ್ಲಿಯವರೆಗಿನ ಆಯತವನ್ನು ಸೂಚಿಯಾಗಿ ಹಿಡಿಯುವುದು. ಗಣಿತಜ್ಞರಾದ ಇವಾನಾಫ್ ಮತ್ತು ಮೆರ್ಜ್‌ಬಾಖ್ 2002ರಲ್ಲಿ ಒಟ್ಟುಗೂಡುವ ಅಪಾಯವನ್ನು ಅಳೆಯುವ ನೆಲ್ಸನ್–ಆಲೆನ್ ಅಂದಾಜಕವನ್ನು ಹೀಗೆ ಗಣಗಳಿಗೆ ವಿಸ್ತರಿಸಿದಾಗ ಸೆನ್ಸಾರ್ ಮಾಡುವ ಗಣ (ನಮಗೆ ಕಾಣುವ ಭಾಗ) 'ನಿಲುಗಡೆ ಗಣ' ಆಗಿರಬೇಕೆಂದರು: ಒಂದು ಆಯತ ಅದರೊಳಗೆ ಬರುತ್ತದೆಯೇ ಎಂಬುದು ಆ ಆಯತದೊಳಗಿನ ಮಾಹಿತಿಯಿಂದಲೇ ತೀರ್ಮಾನವಾಗಬೇಕು. ನೀವು ಕೊಟ್ಟ ಉಪಗ್ರಹ ಚಿತ್ರದಲ್ಲಿ ಮೋಡ ಕಾಡಿನ ನಡುವೆ ಇದೆ. ಉಳಿದು ಕಾಣುವ ಭಾಗ ಮೂಲದಿಂದ ಹೊರಟ ಆಯತಗಳ ಕೂಟವಾಗುವುದಿಲ್ಲ, ಹಾಗಾಗಿ ಆ ಉದಾಹರಣೆಗೆ ಈ ಪ್ರಮೇಯ ನೇರವಾಗಿ ಹೊಂದದು.

ಮೊದಲ ಭಾಗವನ್ನು ತಿದ್ದಿ ಕಳಿಸಿ, ಪ್ರತಿ ವಾರ ಉಳಿದವರ ಸಂಖ್ಯೆಯ ಪಟ್ಟಿಯೂ ಜೊತೆಗಿರಲಿ.